ಪ್ರಶ್ನಶಾಸ್ತ್ರದಲ್ಲಿ ಯಾತ್ರೆ ಮತ್ತು ರೋಗ: ಬಳ್ಳಾರಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

೧

ಕನ್ನಡದಲ್ಲಿ ಜ್ಯೋತಿಷವನ್ನು ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ಜಾತಕವನ್ನು ಕೇಂದ್ರವಾಗಿ ಇಟ್ಟುಕೊಂಡಿದೆ. ಇದಕ್ಕೆ ಕಾರಣವೂ ಇದೆ. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ಪ್ರಸಿದ್ಧವಾಗಿರುವ ಶ್ರೀಧರಾಚಾರ್ಯನ 'ಜಾತಕತಿಲಕ' (ಕ್ರಿ.ಶ. ೧೦೪೯) ಹೆಸರೇ ಸೂಚಿಸುವಂತೆ ಜನ್ಮಕಾಲವನ್ನು ಆಧರಿಸಿದ ಶಾಸ್ತ್ರ. ಆದರೆ ಹುಟ್ಟಿದ ಗಳಿಗೆಯನ್ನು ಬರೆದಿಡುವ ಅನುಕೂಲವಾಗಲಿ ಪದ್ಧತಿಯಾಗಲಿ ಎಲ್ಲ ಮನೆಗಳಲ್ಲಿ ಇರಲಿಲ್ಲ. ಜಾತಕವಿಲ್ಲದ ಮನೆಯವರು ಸಂಕಟ ಬಂದಾಗ ಆಶ್ರಯಿಸಿದ್ದು ಪ್ರಶ್ನವಿಧಾನವನ್ನು. ಹುಟ್ಟಿದ ಕಾಲದ ಬದಲು ಕೇಳಿದ ಕಾಲವನ್ನೇ ಹಿಡಿದು ಲಗ್ನವನ್ನು ಸಾಧಿಸಿ ಉತ್ತರ ಹೇಳುವುದು ಇದರ ತಿರುಳು. ಹೀಗಾಗಿ ಜಾತಕಕ್ಕಿಂತ ಪ್ರಶ್ನವೇ ಹೆಚ್ಚು ಜನರ ಬದುಕನ್ನು ತಟ್ಟಿರುವ ಅಂಗವಾಗಿದ್ದರೂ ವಿಮರ್ಶೆಯ ಕಣ್ಣಿಗೆ ಅದು ಕಡಿಮೆ ಬಿದ್ದಿದೆ.

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಈ ಮೂರು ನೆಲೆಗಳನ್ನು ಒಳಗೊಂಡ ಸೀಮೆಯಲ್ಲಿ ಈ ಆಚರಣೆಗೆ 'ಹೊತ್ತಿಗೆ ತೆಗೆಸುವುದು' ಎಂಬ ಮಾತು ಬಳಕೆಯಲ್ಲಿದೆ. ಜೋಯಿಸರು, ಐನೋರು ಹೊತ್ತಿಗೆ ನೋಡಿ ಹೇಳುತ್ತಾರೆ. ಕನ್ನಡದ ಜೊತೆಗೆ ತೆಲುಗು ಮತ್ತು ಉರ್ದು ಮನೆಮಾತಾಗಿರುವ ಈ ಗಡಿನಾಡಿನಲ್ಲಿ ಕೇಳುವವರ ಜಾತಿ, ಭಾಷೆಗಳು ಹಲವು. ಕೇಳುವ ಪ್ರಶ್ನೆಗಳು ಮಾತ್ರ ಕೆಲವೇ. ಅವುಗಳಲ್ಲಿ ಎರಡು ಮುಖ್ಯವಾದವು: ಹೋದವರು ಯಾವಾಗ ಬರುತ್ತಾರೆ? ಬಂದ ಜಡ್ಡು ಯಾವಾಗ ಹೋಗುತ್ತದೆ? ಈ ಎರಡು ಪ್ರಶ್ನೆಗಳನ್ನು ಪ್ರಶ್ನಗ್ರಂಥಗಳು ಹೇಗೆ ಗ್ರಹಿಸಿವೆ, ಆ ಗ್ರಹಿಕೆಯನ್ನು ಆಚರಣೆ ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಪ್ರಶ್ನಸಾಹಿತ್ಯದ ಹಳೆಯ ಕೃತಿಗಳಲ್ಲಿ ಒಂದಾದ 'ಷಟ್ಪಂಚಾಶಿಕಾ' ವರಾಹಮಿಹಿರನ ಮಗನಾದ ಪೃಥುಯಶಸ್ಸಿನದು. ಹೆಸರಿಗೆ ತಕ್ಕಂತೆ ಐವತ್ತಾರು ಶ್ಲೋಕಗಳ ಈ ಪುಟ್ಟ ಕೃತಿಯಲ್ಲಿ ಗಮಾಗಮ ಮತ್ತು ಪ್ರವಾಸಚಿಂತೆ ಎಂಬ ಎರಡು ಅಧ್ಯಾಯಗಳೇ ಹೋಗುಬರುವಿಕೆಗೆ ಮೀಸಲಾಗಿವೆ. ಹತ್ತನೆಯ ಶತಮಾನದ ಭಟ್ಟೋತ್ಪಲ ಇದಕ್ಕೆ ವ್ಯಾಖ್ಯಾನ ಬರೆದಿದ್ದಾನೆ. ಸಾರ್ವಜನಿಕ ಅಂಚೆ, ತಂತಿ ಯಾವುದೂ ಇಲ್ಲದ ಕಾಲದಲ್ಲಿ ಊರು ಬಿಟ್ಟವನ ಸುದ್ದಿ ತಿಳಿಯುವುದು ಸುಲಭವಾಗಿರಲಿಲ್ಲವೆಂಬುದನ್ನು ನೆನೆದರೆ ಈ ಪ್ರಮಾಣ ಆಶ್ಚರ್ಯಕರವೇನಲ್ಲ.

ಪ್ರಶ್ನಗ್ರಂಥಗಳ ಮೂಲಭೂತ ನಿಯಮವೊಂದು ಇಲ್ಲಿ ಗಮನಾರ್ಹ. ಕೇಳಿದ ಹೊತ್ತಿಗೆ ವೃಷಭ, ಸಿಂಹ, ವೃಶ್ಚಿಕ, ಕುಂಭ ಈ ಸ್ಥಿರರಾಶಿಗಳಲ್ಲಿ ಒಂದು ಉದಯಿಸುತ್ತಿದ್ದರೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ರೋಗ ಶಮನವಾಗುವುದೂ ಇಲ್ಲ, ರೋಗಿ ಸಾಯುವುದೂ ಇಲ್ಲ. ಮೇಷ, ಕರ್ಕಾಟಕ, ತುಲಾ, ಮಕರ ಈ ಚರರಾಶಿಗಳಲ್ಲಿ ಫಲ ಇದಕ್ಕೆ ವಿಪರೀತ. ಉಳಿದ ನಾಲ್ಕು ದ್ವಿಸ್ವಭಾವ ರಾಶಿಗಳಲ್ಲಿ ಮಿಶ್ರಫಲ. ಒಂದೇ ನಿಯಮ ದಾರಿಹೋಕನಿಗೂ ರೋಗಿಗೂ ಅನ್ವಯಿಸುವುದನ್ನು ಕಾಣಬಹುದು. ಇದರ ಹಿಂದೆ ಇರುವುದು ಖಗೋಳದ ತರ್ಕಕ್ಕಿಂತ ಹೆಚ್ಚಾಗಿ ಭಾಷೆಯ ತರ್ಕ. ಕನ್ನಡದಲ್ಲಿಯೂ ಜ್ವರ 'ಬರುತ್ತದೆ', 'ಬಿಡುತ್ತದೆ', ಜೀವ 'ಹೋಗುತ್ತದೆ'. ರೋಗವನ್ನು ಒಂದು ಸಂಚಾರವೆಂದು ಕಾಣುವ ಈ ರೂಪಕವನ್ನೇ ಪ್ರಶ್ನಶಾಸ್ತ್ರ ನಿಯಮವಾಗಿ ಕಟ್ಟಿದೆ. ಆದ್ದರಿಂದ ಶಾಸ್ತ್ರದ ಉತ್ತರ ಕೇಳುವವನಿಗೆ ಅಪರಿಚಿತವೆನಿಸುವುದಿಲ್ಲ. ಅವನ ಮಾತಿನೊಳಗೇ ಇದ್ದ ಹೋಲಿಕೆ ಅವನಿಗೆ ಮರಳಿ ಸಿಗುತ್ತದೆ. ಪ್ರಶ್ನದ ಆಕರ್ಷಣೆಯ ಒಂದು ಭಾಗ ಇಲ್ಲಿದೆ.

ಇದೇ ನಿಯಮದ ಮಿತಿಯೂ ಸ್ಪಷ್ಟ. ಒಂದು ಲಗ್ನ ಸುಮಾರು ಎರಡು ಗಂಟೆ ಕಾಲ ಉದಯಿಸುತ್ತದೆ. ಆ ಅವಧಿಯಲ್ಲಿ ಬಳ್ಳಾರಿಯಲ್ಲಿ ಕೇಳಿದವನಿಗೂ ಕುರುಗೋಡಿನಲ್ಲಿ ಕೇಳಿದವನಿಗೂ ಮೂಲಫಲ ಒಂದೇ ಆಗಬೇಕಾಗುತ್ತದೆ. ಈ ತೊಡಕನ್ನು ಗ್ರಂಥಕಾರರು ಅರಿಯದವರಲ್ಲ. ಆದ್ದರಿಂದಲೇ ನವಾಂಶ, ಆರೂಢ, ಕೇಳುವವನು ಮುಟ್ಟಿದ ಅಂಗ, ಆಡಿದ ಮೊದಲ ಅಕ್ಷರ, ದೈವಜ್ಞನ ಉಸಿರಾಟ ಮೊದಲಾದವು ಸೇರಿಕೊಂಡವು. ೧ರಿಂದ ೧೦೮ರೊಳಗಿನ ಒಂದು ಸಂಖ್ಯೆಯನ್ನು ಹೇಳಿಸುವ ವಾಡಿಕೆ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಕೆ.ಎಸ್. ಕೃಷ್ಣಮೂರ್ತಿ ಅವರು ತಮ್ಮ ಪದ್ಧತಿಯಲ್ಲಿ ಈ ಸಂಖ್ಯೆಯನ್ನು ೨೪೯ಕ್ಕೆ ವಿಸ್ತರಿಸಿದರು. ಸಾಧನಗಳು ಹೆಚ್ಚಿದಂತೆ ಉತ್ತರ ಸೂಕ್ಷ್ಮವಾಗುತ್ತದೆಂಬುದು ಶಾಸ್ತ್ರದ ನಿಲುವು. ಆದರೆ ಒಂದು ಸೂಚನೆ ಇನ್ನೊಂದಕ್ಕೆ ವಿರುದ್ಧವಾದಾಗ ಯಾವುದು ಬಲವತ್ತರವೆಂಬ ನಿರ್ಣಯ ಹೇಳುವವನ ವಿವೇಚನೆಗೆ ಉಳಿಯುತ್ತದೆ. ಸೂಚನೆಗಳು ಹೆಚ್ಚಿದಷ್ಟೂ ಆಯ್ಕೆಯ ಅವಕಾಶವೂ ಹೆಚ್ಚುತ್ತದೆ. ಸೂಕ್ಷ್ಮತೆಯೆಂದು ತೋರುವುದು ಸಡಿಲತೆಯೂ ಆಗಿರಬಹುದು.

೩

ರೋಗಪ್ರಶ್ನದ ಸಂದರ್ಭದಲ್ಲಿ ಪಠ್ಯವು ನೀಡುವ ಸಾಕ್ಷ್ಯ ಇನ್ನೂ ಕುತೂಹಲಕರವಾಗಿದೆ. ತಾಜಿಕ ಸಂಪ್ರದಾಯದ 'ಪ್ರಶ್ನತಂತ್ರ'ದಲ್ಲಿ ಲಗ್ನವು ವೈದ್ಯನಿಗೆ, ಏಳನೆಯ ಮನೆ ರೋಗಕ್ಕೆ, ಹತ್ತನೆಯ ಮನೆ ರೋಗಿಗೆ, ನಾಲ್ಕನೆಯ ಮನೆ ಔಷಧಕ್ಕೆ ಸಲ್ಲುತ್ತವೆ. ಅಂದರೆ ಕುಂಡಲಿಯ ನಾಲ್ಕು ಕೇಂದ್ರಗಳಲ್ಲಿ ಎರಡು ವೈದ್ಯನಿಗೂ ಔಷಧಕ್ಕೂ ಮೀಸಲು. ಮೊದಲ ಸ್ಥಾನ ದೊರೆತಿರುವುದು ರೋಗಿಗಲ್ಲ, ವೈದ್ಯನಿಗೆ. ಈ ವಿನ್ಯಾಸವು ಒಂದು ಪೂರ್ವಗ್ರಹಿಕೆಯ ಮೇಲೆ ನಿಂತಿದೆ: ವೈದ್ಯನನ್ನು ಆಗಲೇ ಕರೆಸಲಾಗಿದೆ, ಔಷಧ ನಡೆಯುತ್ತಿದೆ, ಅದು ನಾಟುವುದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ವೈದ್ಯನಿಲ್ಲದ ರೋಗಪ್ರಶ್ನವನ್ನು ಈ ಚೌಕಟ್ಟು ಕಲ್ಪಿಸಿಕೊಂಡಂತಿಲ್ಲ. ಹೊತ್ತಿಗೆಯನ್ನು ಚಿಕಿತ್ಸೆಗೆ ಬದಲಿಯಾಗಿ ಬಳಸುವುದು ಆಧುನಿಕ ವೈದ್ಯಕ್ಕೆ ಮಾತ್ರವಲ್ಲದೆ ಆ ಶಾಸ್ತ್ರದ ವಿನ್ಯಾಸಕ್ಕೇ ವಿರುದ್ಧವಾದುದು ಎಂಬ ನಿರ್ಣಯಕ್ಕೆ ಇಲ್ಲಿ ಆಧಾರವಿದೆ.

ದೂತಲಕ್ಷಣದ ಪ್ರಕರಣವೂ ಇದನ್ನೇ ಸಮರ್ಥಿಸುತ್ತದೆ. ಹದಿನೇಳನೆಯ ಶತಮಾನದ ನಡುವೆ ಕೇರಳದಲ್ಲಿ ರಚಿತವಾದ 'ಪ್ರಶ್ನಮಾರ್ಗ' ಸಂದೇಶ ತಂದವನ ವೇಷ, ಮಾತು, ನಿಂತ ದಿಕ್ಕು ಮೊದಲಾದವುಗಳಿಗೆ ಹೆಚ್ಚಿನ ಮಹತ್ವ ಕೊಡುತ್ತದೆ. ಬೆಂಗಳೂರಿನ ಬಿ.ವಿ. ರಾಮನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಈ ಗ್ರಂಥ ಕೇರಳದ ಹೊರಗೂ ಪ್ರಸಿದ್ಧವಾಯಿತು. ಆದರೆ ದೂತಲಕ್ಷಣ ಜ್ಯೋತಿಷದ ಸ್ವಂತ ಸೊತ್ತಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ಅಷ್ಟಾಂಗಹೃದಯದ ಶಾರೀರಸ್ಥಾನದಲ್ಲಿ ಈ ವಿಷಯ ಅಧ್ಯಾಯಬದ್ಧವಾಗಿ ಬಂದಿದೆ. ಅಲ್ಲಿ ದೂತ ಬರುವುದು ವೈದ್ಯನ ಮನೆಗೆ. ರೋಗಿಯನ್ನು ಕಾಣುವ ಮೊದಲು ಅವನ ಸ್ಥಿತಿಯನ್ನು ಊಹಿಸಲು ವೈದ್ಯನಿಗೆ ದೊರೆಯುತ್ತಿದ್ದ ಮೊದಲ ಸುಳಿವು ಆ ದೂತನೇ. ದೂತ ಹೋಗುವ ಮನೆ ಬದಲಾದಾಗ ಲಕ್ಷಣಗಳು ಉಳಿದವು, ಚಿಕಿತ್ಸೆ ಕಳಚಿಹೋಯಿತು. ಈಗ ದೂರವಾಣಿಯಲ್ಲಿ ಪ್ರಶ್ನೆ ಕೇಳುವ ರೂಢಿ ಬಂದ ಮೇಲೆ ದೂತನೂ ಇಲ್ಲವಾಗಿದ್ದಾನೆ.

ಕನ್ನಡದ ಪರಂಪರೆಯಲ್ಲಿಯೂ ಈ ಎರಡು ವಿದ್ಯೆಗಳು ಅಕ್ಕಪಕ್ಕದಲ್ಲಿಯೇ ಇದ್ದವು. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' (ಸು. ೧೦೨೫) ನಿಮಿತ್ತ, ಶಕುನಗಳಿಗೆ ಎಡೆಕೊಟ್ಟಂತೆ ವೈದ್ಯಕ್ಕೂ ಎಡೆಕೊಟ್ಟಿದೆ. ಅಲ್ಲಿ ಒಂದು ಇನ್ನೊಂದರ ಸ್ಥಾನವನ್ನು ಆಕ್ರಮಿಸುವುದಿಲ್ಲವೆಂಬುದು ಗಮನಿಸತಕ್ಕದ್ದು.

೪

ಗ್ರಂಥದಿಂದ ನೆಲಕ್ಕೆ ಇಳಿದಾಗ ಸಮಸ್ಯೆಯ ಗಾಂಭೀರ್ಯ ತಿಳಿಯುತ್ತದೆ. ತುಂಗಭದ್ರೆಯ ದಡದ ಸಿರುಗುಪ್ಪ ಬಳ್ಳಾರಿಗೆ ನೇರ ಉತ್ತರದಲ್ಲಿ, ಸುಮಾರು ೫೫ ಕಿಲೋಮೀಟರ್ ದೂರದಲ್ಲಿದೆ. ಕುರುಗೋಡು ವಾಯವ್ಯದಲ್ಲಿದೆ. ೧೯೬೧ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಈ ಭಾಗದ ದೊಡ್ಡ ಕಾಯಿಲೆಗಳಿಗೆ ಆ ಆಸ್ಪತ್ರೆಯೇ ಗತಿ. ಅಂದರೆ ಇಲ್ಲಿ ರೋಗದ ಪ್ರಶ್ನೆ ಯಾತ್ರೆಯ ಪ್ರಶ್ನೆಯೂ ಹೌದು. ಪಂಚಾಂಗದ ವಾರಶೂಲೆಯ ಪ್ರಕಾರ ಸೋಮವಾರ, ಶನಿವಾರ ಪೂರ್ವಕ್ಕೂ, ಮಂಗಳವಾರ, ಬುಧವಾರ ಉತ್ತರಕ್ಕೂ, ಶುಕ್ರವಾರ, ಭಾನುವಾರ ಪಶ್ಚಿಮಕ್ಕೂ, ಗುರುವಾರ ದಕ್ಷಿಣಕ್ಕೂ ಪ್ರಯಾಣ ನಿಷಿದ್ಧ. ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಸಿರುಗುಪ್ಪದ ರೋಗಿ ಗುರುವಾರ ಬಳ್ಳಾರಿಯ ಆಸ್ಪತ್ರೆಗೆ ಹೊರಡುವಂತಿಲ್ಲ. ಹಾವು ಕಚ್ಚಿದವನಿಗೆ, ಹೆರಿಗೆ ಬೇನೆ ತಿನ್ನುವವಳಿಗೆ, ಎದೆನೋವು ಬಂದವನಿಗೆ ಒಂದು ದಿನದ ತಡವೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಸಂಪ್ರದಾಯ ಇಷ್ಟು ಕುರುಡಾಗಿರಲಿಲ್ಲವೆಂಬುದನ್ನೂ ಹೇಳಬೇಕು. ರಾಮದೈವಜ್ಞನ 'ಮುಹೂರ್ತಚಿಂತಾಮಣಿ' (೧೬೦೦) ಮೊದಲಾದ ಗ್ರಂಥಗಳು 'ಪ್ರಸ್ಥಾನ'ದ ವಿಧಿಯನ್ನು ಹೇಳುತ್ತವೆ. ಒಳ್ಳೆಯ ಗಳಿಗೆಯಲ್ಲಿ ಬಟ್ಟೆಯನ್ನೋ ಗಂಟನ್ನೋ ಬೇರೊಂದು ಮನೆಯಲ್ಲಿ ಇರಿಸಿ, ಅನುಕೂಲವಾದಾಗ ಹೊರಡಬಹುದು. ಪ್ರಯಾಣವನ್ನು ತಡೆಯದೆ ಮನಸ್ಸಿನ ಅಳುಕನ್ನು ನೀಗುವ ಯುಕ್ತಿ ಇದು. ನಿಷೇಧವನ್ನು ಉಳಿಸಿಕೊಂಡು ಪರಿಹಾರವನ್ನು ಮರೆತ ಆಚರಣೆ ಶಾಸ್ತ್ರಕ್ಕಿಂತ ಹೆಚ್ಚು ಕಠಿಣವಾಗುತ್ತದೆ.

ಪ್ರವಾಸಪ್ರಶ್ನೆಗೂ ಈ ನೆಲದಲ್ಲಿ ವಿಶೇಷ ಅರ್ಥವಿದೆ. ೧೮೭೬-೭೮ರ ಭೀಕರ ಕ್ಷಾಮ ಬಳ್ಳಾರಿ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. ಮಳೆಯನ್ನೇ ನೆಚ್ಚಿದ ಊರುಗಳಿಂದ 'ಗುಳೆ' ಹೋಗುವುದು ಇಂದಿಗೂ ನಿಂತಿಲ್ಲ. ಗುಳೆ ಹೋದವರಲ್ಲಿ ಬಹುಪಾಲು ಜನ ಮುಂಗಾರಿನ ಹೊತ್ತಿಗೆ ಊರಿಗೆ ಮರಳುತ್ತಾರೆ. ಹಾಗೆಯೇ ಸಾಮಾನ್ಯ ಜ್ವರಗಳಲ್ಲಿ ಬಹುಪಾಲು ತಾವಾಗಿಯೇ ಇಳಿಯುತ್ತವೆ. 'ಬರುತ್ತಾರೆ', 'ಗುಣವಾಗುತ್ತದೆ' ಎಂದವನ ಮಾತು ಶಾಸ್ತ್ರದ ಹಂಗಿಲ್ಲದೆಯೂ ಹೆಚ್ಚು ಸಲ ನಿಜವಾಗುತ್ತದೆ. ನಿಜವಾದುದು ಊರಿನ ನೆನಪಿನಲ್ಲಿ ಉಳಿಯುತ್ತದೆ. ಸುಳ್ಳಾದುದು ವಿಧಿಯ ಲೆಕ್ಕಕ್ಕೆ ಸೇರುತ್ತದೆ.

೫

ಇಲ್ಲಿ ಒಂದು ಹೋಲಿಕೆ ಪ್ರಯೋಜನಕಾರಿ. ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಅದು ಒಂದೇ ವಾಕ್ಯ. ಸಾವಿರಾರು ಜನ ಒಟ್ಟಿಗೆ ಕೇಳುತ್ತಾರೆ. ಮಳೆ, ಬೆಳೆ, ರಾಜಕಾರಣಗಳಿಗೆ ಅನ್ವಯಿಸಿ ಅರ್ಥೈಸುತ್ತಾರೆ. ಆ ಮಾತು ಬಹಿರಂಗವಾದುದು, ವಾದಕ್ಕೆ ತೆರೆದದ್ದು. ಪ್ರಶ್ನಫಲ ಹಾಗಲ್ಲ. ಅದು ಇಬ್ಬರ ನಡುವೆ ಹುಟ್ಟಿ ಅಲ್ಲಿಯೇ ಕರಗುತ್ತದೆ. ಈ ನಾಡಿನ ಶಾಸನಗಳು ದಾನಕೊಟ್ಟ ತಿಥಿ, ವಾರ, ಸಂಕ್ರಾಂತಿ, ಗ್ರಹಣಗಳನ್ನು ಕಲ್ಲಿನಲ್ಲಿ ಉಳಿಸಿವೆ. ಮುಹೂರ್ತಕ್ಕೆ ದಾಖಲೆಯುಂಟು, ಕೇಳಿದ ಪ್ರಶ್ನೆಗೆ, ಹೇಳಿದ ಉತ್ತರಕ್ಕೆ, ಮುಂದೆ ನಡೆದ ಸಂಗತಿಗೆ ಅಂಥ ದಾಖಲೆಯಿಲ್ಲ. ತಪ್ಪನ್ನು ಬರೆದಿಡದ ವಿದ್ಯೆ ತನ್ನನ್ನು ತಿದ್ದಿಕೊಳ್ಳಲಾರದು.

ವೈಚಾರಿಕ ವಿಮರ್ಶೆಯೂ ಪ್ರಶ್ನವನ್ನು ನೇರವಾಗಿ ಎದುರಿಸಿಲ್ಲ. ೧೯೭೬ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಅವರು ರಚಿಸಿದ ಸಮಿತಿ ಪವಾಡಗಳ ಮತ್ತು ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳ ಪರಿಶೀಲನೆಗೆ ಹೆಸರಾಯಿತು. ಜಯಂತ ನಾರ್ಳಿಕರ್ ಮತ್ತು ಸಂಗಡಿಗರು ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ೨೭ ಜ್ಯೋತಿಷಿಗಳು ತಲಾ ೪೦ ಜಾತಕಗಳನ್ನು ನೋಡಿ ಹೇಳಿದ್ದರಲ್ಲಿ ಸರಿಯಾದದ್ದು ಸರಾಸರಿ ೪೬ ಪ್ರತಿಶತ. ನಾಣ್ಯ ಚಿಮ್ಮಿದರೂ ಇಷ್ಟೇ ಸಿಗುತ್ತದೆ. ಆದರೆ ಅದು ಜಾತಕದ ಪರೀಕ್ಷೆ. ಪ್ರಶ್ನವಾದಿ 'ನಮ್ಮ ವಿಧಾನ ಬೇರೆ' ಎಂದು ನುಣುಚಿಕೊಳ್ಳಬಹುದು. ವಾಸ್ತವದಲ್ಲಿ ಪ್ರಶ್ನದ ಪರೀಕ್ಷೆ ಇನ್ನೂ ಸುಲಭ. ಹೋದವನು ಇಂಥ ದಿನದೊಳಗೆ ಬರುತ್ತಾನೆಂಬ ಮಾತು ನಿಜವೋ ಸುಳ್ಳೋ ಆಗಲೇಬೇಕು. ಉತ್ತರವನ್ನು ಮೊದಲೇ ಬರೆಸಿ, ಶಾಸ್ತ್ರವರಿಯದವರ ಊಹೆಯನ್ನೂ ಜೊತೆಗೆ ಬರೆಸಿ ಹೋಲಿಸಿದರೆ ಸಾಕು. ಜಾನಪದ ಮತ್ತು ಸಮಾಜಶಾಸ್ತ್ರದ ಸಂಶೋಧಕರು ಇಂಥ ಕ್ಷೇತ್ರಕಾರ್ಯಕ್ಕೆ ಕೈಹಾಕಬೇಕಾಗಿದೆ.

ಕಾನೂನಿನ ನಿಲುವೂ ಇಲ್ಲಿ ವಿವೇಚನೀಯ. ೨೦೨೦ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧದ ೨೦೧೭ರ ಕಾಯ್ದೆ ಜ್ಯೋತಿಷಿಗಳ ಸಲಹೆಯನ್ನು ನಿಷೇಧದಿಂದ ಹೊರಗಿಟ್ಟಿದೆ. ಅದೇ ಕಾಯ್ದೆ ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆಯುವುದನ್ನು ಅಪರಾಧವೆಂದು ಪರಿಗಣಿಸಿದೆ. ಹೇಳುವುದಕ್ಕೂ ತಡೆಯುವುದಕ್ಕೂ ನಡುವೆ ಕಾನೂನು ಎಳೆದಿರುವ ಈ ಗೆರೆ, ವೈದ್ಯನಿಗೆ ಲಗ್ನವನ್ನೇ ಬಿಟ್ಟುಕೊಟ್ಟ ಹಳೆಯ ಗ್ರಂಥದ ಗೆರೆಗೆ ಸಮೀಪವಾಗಿಯೇ ಇದೆ.

ಯಾತ್ರೆಯ ಪ್ರಶ್ನೆಯಲ್ಲಿ ಉತ್ತರ ತಪ್ಪಿದರೆ ನಷ್ಟವಾಗುವುದು ಸಮಾಧಾನ. ರೋಗದ ಪ್ರಶ್ನೆಯಲ್ಲಿ ಉತ್ತರಕ್ಕಾಗಿ ಕಾಯುವುದೇ ನಷ್ಟ. ಎರಡನ್ನೂ ಒಂದೇ ನಿಯಮದಡಿ ತಂದದ್ದು ಪ್ರಶ್ನಶಾಸ್ತ್ರದ ಕಾವ್ಯಗುಣವೂ ಹೌದು, ಅದರ ದೋಷವೂ ಹೌದು. ಹೊತ್ತಿಗೆಯ ಮುಂದೆ ಕೂರುವವರ ಆತಂಕವನ್ನು ಗೌರವಿಸುತ್ತಲೇ, ಆ ಹೊತ್ತಿಗೆಯಲ್ಲಿ ವೈದ್ಯನಿಗೆ ಇರುವ ಸ್ಥಾನವನ್ನು ಅವರಿಗೂ ಹೊತ್ತಿಗೆ ಹೇಳುವವರಿಗೂ ನೆನಪಿಸುವುದು ವಿಮರ್ಶೆಯ ಕರ್ತವ್ಯ.