ನೆತ್ತಿಗೆ ಯಾವ ಚರ್ಮ? ಹೋಲಿಕೆಗಳನ್ನು ಓದುವ ಬಗೆ

ವೀರನಹೊಸಹಳ್ಳಿಯಂಥ ಕಾಡಂಚಿನ ಊರಿನ ರೈತರೊಬ್ಬರಿಗೆ ನೆತ್ತಿಯ ಮೇಲೆ ಚರ್ಮದ ಕ್ಯಾನ್ಸರ್ ಆಗಿದೆಯೆಂದು ಭಾವಿಸಿ. ಹಳೆಯ ಸುಟ್ಟಗಾಯದ ಕಲೆಯಲ್ಲಿ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಹುಟ್ಟುವುದುಂಟು. ಅದಕ್ಕೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು. ಶಸ್ತ್ರವೈದ್ಯರು ಗಡ್ಡೆಯನ್ನು ತೆಗೆದ ಮೇಲೆ ಉಳಿಯುವ ಗಾಯವನ್ನು ಮುಚ್ಚಲು ಯಾವ ವಸ್ತು ಮೇಲು? ಇದನ್ನು ಹೋಲಿಸುವ ವರದಿಗಳು ಹಲವು ಬಂದಿವೆ. ಅವನ್ನು ಓದುವಾಗ ಎಚ್ಚರ ಅಗತ್ಯ.

ಮೊದಲು ಗಾಯದ ತಳವನ್ನು ನೋಡಿ. ತಲೆಬುರುಡೆಯ ಮೇಲಿನ ತೆಳುಪೊರೆ ಉಳಿದಿದ್ದರೆ ಅದರಲ್ಲಿ ರಕ್ತನಾಳಗಳಿರುತ್ತವೆ. ತೊಡೆಯಿಂದ ತೆಗೆದ ತೆಳುಚರ್ಮದ ಕಸಿ ಅಲ್ಲಿ ಹಿಡಿಯುತ್ತದೆ. ಪೊರೆಯೂ ಹೋಗಿ ಬರಿ ಮೂಳೆ ಕಂಡರೆ ಕಸಿಗೆ ಪೋಷಣೆ ಸಿಗದು. ಆಗ ಪಕ್ಕದ ನೆತ್ತಿಚರ್ಮವನ್ನೇ ಸರಿಸಿ ಮುಚ್ಚಬೇಕು. ಇಲ್ಲವೇ ಮೂಳೆಯ ಹೊರಪದರವನ್ನು ರಕ್ತ ಒಸರುವವರೆಗೆ ಉಜ್ಜಿ, ಕೃತಕ ಒಳಚರ್ಮವನ್ನು ಕೂರಿಸಬೇಕು.

ಅಮೆರಿಕದ ಬರ್ಕ್ ಮತ್ತು ಯಾನಸ್ 1981ರಲ್ಲಿ ವರದಿ ಮಾಡಿದ ಕೃತಕ ಚರ್ಮ ಮುಂದೆ ಇಂಟೆಗ್ರಾ ಎಂಬ ಹೆಸರಿನಲ್ಲಿ ಬಂತು. ದನದ ಕೊಲಾಜೆನ್‌ಗೆ ಶಾರ್ಕ್ ಮೂಲದ ಸಕ್ಕರೆಯಂಶ ಸೇರಿಸಿದ ಜಾಲರಿ, ಮೇಲೆ ಸಿಲಿಕೋನ್ ಹಾಳೆ. ಕೆಲವು ವಾರಗಳಲ್ಲಿ ರಕ್ತನಾಳಗಳು ಒಳಹೊಕ್ಕ ಮೇಲೆ ಹಾಳೆ ತೆಗೆದು ತೆಳುಕಸಿ ಹಾಕುತ್ತಾರೆ. ಆಸ್ಟ್ರೇಲಿಯದ ಬಿಟಿಎಂ ಪೂರ್ತಿ ಸಂಶ್ಲೇಷಿತ, ಪಾಲಿಯುರೆಥೇನ್ ನೊರೆಯಿಂದಾದದ್ದು. ಮ್ಯಾಟ್ರಿಡರ್ಮ್‌ನಲ್ಲಿ ಕೊಲಾಜೆನ್ ಜೊತೆ ಎಲಾಸ್ಟಿನ್ ಇದೆ. ತಳ ಚೆನ್ನಾಗಿದ್ದರೆ ಒಂದೇ ಹಂತದಲ್ಲಿ ಕಸಿ ಸಾಧ್ಯ. ಯಾವುದರಲ್ಲಿಯೂ ಕೂದಲು ಬೆಳೆಯದು.

ಇನ್ನು ಹೋಲಿಕೆಯ ದೋಷ. ಕಲ್ಪಿತ ಲೆಕ್ಕವೊಂದನ್ನು ನೋಡಿ. 'ಅ' ವಸ್ತುವನ್ನು 20 ಜನರಿಗೆ ಹಾಕಿದಾಗ 17 ಯಶಸ್ಸು, 'ಆ' ವಸ್ತುವಿನಲ್ಲಿ 20ಕ್ಕೆ 14. 'ಅ' ಗೆದ್ದಿತೆನ್ನುತ್ತೀರಿ. ಈಗ ತಳವನ್ನು ಬೇರ್ಪಡಿಸಿ. ಪೊರೆ ಉಳಿದವರಲ್ಲಿ 'ಅ' 18ಕ್ಕೆ 16, 'ಆ' 4ಕ್ಕೆ 4. ಬರಿ ಮೂಳೆಯವರಲ್ಲಿ 'ಅ' 2ಕ್ಕೆ 1, 'ಆ' 16ಕ್ಕೆ 10. ಎರಡು ಗುಂಪಿನಲ್ಲೂ 'ಆ' ಮುಂದು! ಕಷ್ಟದ ಗಾಯಗಳಲ್ಲಿ ಹೆಚ್ಚಿನವು ಅದರ ಪಾಲಿಗೆ ಬಂದಿದ್ದವು, ಅಷ್ಟೆ. ಹಾಗೆಂದು 'ಆ' ಶ್ರೇಷ್ಠವೆಂದೂ ಹೇಳಲಾಗದು; 2 ಮತ್ತು 4 ಜನರಿಂದ ಏನು ಸಾಬೀತಾದೀತು? ವೈದ್ಯರು ಗಾಯ ನೋಡಿ ವಸ್ತು ಆರಿಸಿದ ಹಳೆಯ ದಾಖಲೆಗಳ ಹೋಲಿಕೆಯಲ್ಲಿ ಈ ಅಪಾಯ ಸದಾ ಇರುತ್ತದೆ. ಚೀಟಿ ಎತ್ತಿದಂತೆ ಹಂಚುವ ಪ್ರಯೋಗವೇ ಇದಕ್ಕೆ ಮದ್ದು.

'ಯಶಸ್ಸು' ಎಂದರೇನು ಎಂದೂ ಕೇಳಿ. ಕಸಿ ಹಿಡಿದರೆ ಸಾಕೇ? ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದ್ದರೆ ಮೇಲಿನ ಹೊದಿಕೆ ಎಷ್ಟು ಚೆಂದವಿದ್ದರೇನು? ಮುಂದೆ ವಿಕಿರಣ ಚಿಕಿತ್ಸೆಯನ್ನು ಆ ಚರ್ಮ ತಾಳೀತೇ? ಎರಡು ಹಂತದ ಚಿಕಿತ್ಸೆಯೆಂದರೆ ನಮ್ಮ ರೈತರು ವಾರಗಟ್ಟಲೆ ಮೈಸೂರಿನ ದೊಡ್ಡಾಸ್ಪತ್ರೆಗೆ ಓಡಾಡಬೇಕು. ಹೊಗೆಸೊಪ್ಪಿನ ಕೆಲಸ ನಿಲ್ಲಬೇಕು. ಈ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹೋಲಿಕೆ ಅವರ ಪಾಲಿಗೆ ಅಪೂರ್ಣ.

ಶಿಕ್ಷಕರು ಮೇಲಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ಮೊದಲು ಒಟ್ಟು ಸಂಖ್ಯೆಗಳನ್ನಷ್ಟೇ ತೋರಿಸಲಿ. ಯಾವುದು ಮೇಲೆಂದು ಮಕ್ಕಳು ಹೇಳಿದ ಅನಂತರ ಉಳಿದದ್ದನ್ನು ತೋರಿಸಲಿ. 'ಯಾವುದು ಒಳ್ಳೆಯದು' ಎನ್ನುವ ಮೊದಲು 'ಯಾರಿಗೆ, ಎಂಥ ಗಾಯಕ್ಕೆ' ಎಂದು ಕೇಳುವ ಅಭ್ಯಾಸ ಅಲ್ಲಿಂದ ಆರಂಭವಾಗಲಿ.