ಹಲಕುಂದಿಯ ಧೂಳು, ಯಂತ್ರದ ಬ್ರಷ್ಷು

ಬಳ್ಳಾರಿ ಬಿಟ್ಟು ಬೆಂಗಳೂರು ರಸ್ತೆ ಹಿಡಿದರೆ ಹಲಕುಂದಿ ಬರುವಷ್ಟರಲ್ಲಿ ಗಾಳಿಯ ಬಣ್ಣವೇ ಬದಲಾಗಿರುತ್ತದೆ. ಸ್ಪಾಂಜ್ ಐರನ್ ಕಾರ್ಖಾನೆಗಳ ಚಿಮಣಿಗಳು, ಅದಿರು, ಕಲ್ಲಿದ್ದಲು ಹೊತ್ತ ಲಾರಿಗಳು, ರಸ್ತೆ ಬದಿಯ ಜಾಲಿ ಗಿಡದ ಮೇಲೂ ಕಂದು ಪುಡಿ. ಈ ಭಾಗದಲ್ಲಿ ಸಂಜೆ ತೊಳೆದು ನಿಲ್ಲಿಸಿದ ಕಾರಿನ ಬಾನೆಟ್ ಮೇಲೆ ಬೆಳಗ್ಗೆ ಬೆರಳಿನಿಂದ ಹೆಸರು ಬರೆಯಬಹುದು. ಮಕ್ಕಳು ಬರೆಯುತ್ತಾರೆ ಕೂಡ. ಗಾಡಿ ತೊಳೆದ ಮೇಲೂ ಆ ಹೆಸರು ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಅಷ್ಟು ಮೆತ್ತಗಿನ ಬೆರಳು ಅಷ್ಟು ಗಟ್ಟಿ ಬಣ್ಣವನ್ನು ಗೀರಿದ್ದು ಹೇಗೆ?

ಗೀರಿದ್ದು ಬೆರಳಲ್ಲ, ಬೆರಳಿಗೂ ಬಣ್ಣಕ್ಕೂ ನಡುವೆ ಸಿಕ್ಕ ಧೂಳು. ಬೆಂಗಳೂರು, ಹೈದರಾಬಾದಿನಂಥ ಊರುಗಳಲ್ಲಿ ಬಟನ್ ಒತ್ತಿದರೆ ಗಾಡಿ ತೊಳೆದುಕೊಡುವ ಸ್ವಯಂಚಾಲಿತ ಯಂತ್ರಗಳು ಬಂದಿವೆ. ಅವು ಬಣ್ಣ ಹಾಳುಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಬೆರಳಿನಿಂದಲೇ ಶುರು ಮಾಡುವುದು ಒಳ್ಳೆಯದು.

ಕಾರಿನ ಬಣ್ಣ ಒಂದೇ ಪದರವಲ್ಲ. ತಗಡನ್ನು ವಿದ್ಯುತ್ ಹರಿಯುವ ತೊಟ್ಟಿಯಲ್ಲಿ ಅದ್ದಿ ಕೂರಿಸಿದ ತುಕ್ಕುನಿರೋಧಕ ಪದರ ಮೊದಲು, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸುಮಾರು 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗವೂ ಮೀರದು. ಶೋರೂಮಿನಲ್ಲಿ ಕಣ್ಣು ಕೋರೈಸುವ ಹೊಳಪು ಇರುವುದು ಇದರಲ್ಲೇ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಗಾಡಿಗಳಿಗೆ ಈ ಪದರ ಇರಲಿಲ್ಲ. ಕಾಂಪೌಂಡ್ ಹಾಕಿ ಉಜ್ಜಿದರೆ ಗಾಡಿಯ ಬಣ್ಣವೇ ಬಟ್ಟೆಗೆ ಬರುತ್ತಿತ್ತು, ಗೀರು ಹೋಗುತ್ತಿತ್ತು. ಈಗಿನ ಗಾಡಿಯಲ್ಲಿ ಗೀರು ತೆಗೆಯಲು ಪಾಲಿಶ್ ಹಿಡಿದಾಗಲೆಲ್ಲ ಸವೆಯುವುದು ಕ್ಲಿಯರ್ ಕೋಟ್. ಪ್ರತಿ ಸಲ ಒಂದೆರಡು ಮೈಕ್ರಾನ್ ಹೋದರೂ ಅದು ತಿರುಗಿ ಬಾರದು.

ರಾತ್ರಿ ಕಪ್ಪು ಅಥವಾ ಕಡುನೀಲಿ ಗಾಡಿಯ ಬಾನೆಟ್ ಮೇಲೆ ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಬೆಳಕಿನ ಸುತ್ತ ಜೇಡರ ಬಲೆ ಹೆಣೆದಂತೆ ಸುತ್ತುಸುತ್ತಾದ ನೂರಾರು ನವಿರು ಗೆರೆಗಳು. ಪಾಲಿಶ್ ಮಾಡುವವರು ಇವನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಯಂತ್ರದ ಬ್ರಷ್ಷು ಸುತ್ತುತ್ತಾ ತಿರುಗಿದ್ದರಿಂದಲೇ ಹೀಗಾಯಿತು ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಗೆರೆಗಳು ಎಲ್ಲ ದಿಕ್ಕಿಗೂ ಇರುತ್ತವೆ, ಹೆಚ್ಚಿನವು ನೇರವಾಗಿಯೇ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವ ಗೆರೆಗಳಷ್ಟೇ ಹೊಳೆಯುವುದರಿಂದ ಕಣ್ಣಿಗೆ ಸುತ್ತು ಕಾಣುತ್ತದೆ. ಟಾರ್ಚ್ ಸರಿಸಿದರೆ ಸುತ್ತೂ ಜೊತೆಗೇ ಸರಿಯುತ್ತದೆ. ಯಂತ್ರದ ಬಾಗಿಲನ್ನೇ ಕಾಣದ, ಮನೆ ಮುಂದೆ ಕೈಯಲ್ಲೇ ತೊಳೆದ ಗಾಡಿಗಳಲ್ಲೂ ಇದೇ ಬಲೆ ಇರುವುದಕ್ಕೆ ಕಾರಣ ಇಷ್ಟೆ.

ಹಾಗಾದರೆ ಯಂತ್ರ ನಿರಪರಾಧಿಯೇ? ಬಣ್ಣ ತಯಾರಿಸುವವರು ಇದನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. 2005ರಲ್ಲಿ ಮೊದಲು ಪ್ರಕಟವಾದ ಐಎಸ್ಒ 20566 ಎಂಬ ಅಂತರರಾಷ್ಟ್ರೀಯ ಮಾನದಂಡ ಇರುವುದೇ ಇದಕ್ಕಾಗಿ. ಬಣ್ಣ ಬಳಿದ ತಗಡಿನ ತುಂಡನ್ನು ಪುಟ್ಟದೊಂದು ಕಾರ್ ವಾಶ್ ಯಂತ್ರದ ತಿರುಗುವ ಬ್ರಷ್ಷಿನಡಿ ಹತ್ತು ಸಲ ಹೋಗಿ ಬರುವಂತೆ ಮಾಡುತ್ತಾರೆ. ಮೊದಲಿದ್ದ ಹೊಳಪೆಷ್ಟು, ಉಳಿದದ್ದೆಷ್ಟು ಎಂದು ಅಳೆಯುತ್ತಾರೆ. ಗಮನಿಸಬೇಕಾದ್ದು ಅಲ್ಲಿ ಚಿಮುಕಿಸುವ ನೀರನ್ನು. ಅದು ಬರೀ ನೀರಲ್ಲ, ಲೀಟರಿಗೆ ಒಂದೂವರೆ ಗ್ರಾಂ ಸ್ಫಟಿಕದ ಪುಡಿ, ಅಂದರೆ ನುಣ್ಣನೆಯ ಮರಳು, ಬೆರೆಸಿದ ನೀರು. ಟೀ ಚಮಚದ ಅರ್ಧಕ್ಕಿಂತ ಕಡಿಮೆ. ರಸ್ತೆಯ ಕೊಳೆಯ ಪ್ರತಿನಿಧಿಯಾಗಿ ಆ ಪುಡಿ ಅಲ್ಲಿ ನಿಂತಿದೆ. ಬಣ್ಣದ ಸತ್ವಪರೀಕ್ಷೆ ಮಾಡಲು ಬರೀ ಬ್ರಷ್ಷು ಸಾಲದು, ಮರಳು ಬೇಕೇ ಬೇಕು ಎಂದು ಆ ಕಸುಬಿನವರೇ ಒಪ್ಪಿಕೊಂಡಂತಾಯಿತು.

ಈಗ ಹಲಕುಂದಿಯ ಬಾನೆಟ್ಟಿಗೆ ಬರೋಣ. ಇಲ್ಲಿ ಕೂರುವ ಕೆಂಧೂಳು ಹೆಮಟೈಟ್ ಅದಿರಿನದು. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಉಗುರು ಸುಮಾರು ಎರಡೂವರೆ, ಹೆಮಟೈಟ್ ಐದೂವರೆಯಿಂದ ಆರೂವರೆ, ಮರಳಿನ ಸ್ಫಟಿಕ ಏಳು. ಕ್ಲಿಯರ್ ಕೋಟ್ ಎಂಬುದು ಒಂದು ಬಗೆಯ ಪ್ಲಾಸ್ಟಿಕ್ಕು. ಇವುಗಳೆದುರು ಅದರ ಆಟ ನಡೆಯದು. ಕುರುಗೋಡಿನ ಕಡೆಯ ಬಂಡೆ ಬೆಟ್ಟಗಳ ಕಲ್ಲುಪುಡಿಯಲ್ಲಿ ಸ್ಫಟಿಕ ಧಾರಾಳ. ಸಿರುಗುಪ್ಪದ ಕಥೆ ಇನ್ನೊಂದು ಬಗೆ. ತುಂಗಭದ್ರಾ ಕಾಲುವೆಯ ಭತ್ತದ ನಾಡು ಅದು. ಭತ್ತದ ಹೊಟ್ಟು ಉರಿದ ಬೂದಿ ಕೈಗೆ ನವಿರು, ಆದರೆ ಅದರಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಸಿಲಿಕಾ. ಹಳ್ಳಿಗಳಲ್ಲಿ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದುದು ಸುಮ್ಮನೆ ಅಲ್ಲ. ಅಕ್ಕಿ ಗಿರಣಿಯ ಪಕ್ಕ ಗಾಡಿ ನಿಲ್ಲಿಸಿ, ಬೂದಿ ಕೂತ ಮೇಲೆ ಒಣಬಟ್ಟೆಯಲ್ಲಿ ಒರೆಸುವುದೂ ಪಾತ್ರೆ ತಿಕ್ಕುವುದೂ ಒಂದೇ. ಹೊಲದ ಎರೆಮಣ್ಣು ಮಾತ್ರ ಜಿಗುಟಾದರೂ ಅಷ್ಟು ಅಪಾಯಕಾರಿಯಲ್ಲ. ಅದರ ಜೇಡಿ ಮೆದು, ನೆನೆದರೆ ಬಿಡುತ್ತದೆ.

ಯಂತ್ರಗಳಿಗೂ ಒಂದು ಇತಿಹಾಸವಿದೆ. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಗಾಡಿ ತೊಳೆಯುವ ‘ಲಾಂಡ್ರಿ’ಯೊಂದು ತೆರೆಯಿತು. ಅಲ್ಲಿ ಜನರೇ ಗಾಡಿಯನ್ನು ಸಾಲಾಗಿ ತಳ್ಳುತ್ತಾ, ಒಬ್ಬ ಸೋಪು ಹಚ್ಚಿ, ಇನ್ನೊಬ್ಬ ತೊಳೆದು, ಮತ್ತೊಬ್ಬ ಒರೆಸುತ್ತಿದ್ದರು. 1962ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನ ಇಬ್ಬರು ತಿರುಗುವ ಬ್ರಷ್ಷಿನ ಸ್ವಯಂಚಾಲಿತ ಯಂತ್ರಕ್ಕೆ ಪೇಟೆಂಟ್ ಪಡೆದರು. ಆ ಕಾಲದ ನೈಲಾನ್, ಪಾಲಿಥಿನ್ ಎಳೆಗಳ ಬ್ರಷ್ಷುಗಳಿಂದ ಹುಟ್ಟಿದ ಕೆಟ್ಟ ಹೆಸರು ಇವತ್ತಿಗೂ ಯಂತ್ರಗಳನ್ನು ಬಿಟ್ಟಿಲ್ಲ. ಈಗಿನ ಒಳ್ಳೆಯ ಯಂತ್ರಗಳಲ್ಲಿ ಎಳೆಗಳ ಬದಲು ಬಟ್ಟೆಯ ಪಟ್ಟಿಗಳು ಅಥವಾ ನೀರು ಹೀರದ ಫೋಮ್ ಪಟ್ಟಿಗಳಿರುತ್ತವೆ. ಫೋಮಿನ ಕೋಶಗಳು ಮುಚ್ಚಿಕೊಂಡಿರುವುದರಿಂದ ಮರಳು ಒಳಗೆ ಅಡಗಿ ಕೂರುವುದಿಲ್ಲ, ನೀರು ಬಿಟ್ಟರೆ ಜಾರಿಹೋಗುತ್ತದೆ. ಎಷ್ಟೋ ಯಂತ್ರಗಳು ಬ್ರಷ್ಷಿನ ಮೋಟಾರು ಎಳೆಯುವ ಕರೆಂಟ್ ನೋಡಿಯೇ ಒತ್ತಡ ಎಷ್ಟೆಂದು ತಿಳಿದು ಹಿಂದೆ ಸರಿಯುತ್ತವೆ. ಇಷ್ಟಾದರೂ ಮುಂದಿನ ಗಾಡಿಯ ಕೆಸರು ಹಿಂದಿನ ಗಾಡಿಯ ಬಾಗಿಲಿಗೆ ತಗಲುವ ಸಾಧ್ಯತೆ ಉಳಿದೇ ಇರುತ್ತದೆ. ಅದಿರು ಲಾರಿಯ ಹಿಂದೆ ಬಂದ ಜೀಪೊಂದು ನಿಮಗಿಂತ ಮೊದಲು ಒಳಗೆ ಹೋಗಿದ್ದರೆ, ಆ ಪಟ್ಟಿಗಳನ್ನು ಆಮೇಲೆ ತೊಳೆದರೇ ಎಂದು ಕೇಳುವ ಹಕ್ಕು ನಿಮಗಿದೆ.

ಮುಟ್ಟದೇ ತೊಳೆಯುವ ಟಚ್‌ಲೆಸ್ ಯಂತ್ರವೂ ಇದೆ. ಬರೀ ರಭಸದ ನೀರು, ರಾಸಾಯನಿಕ. ಗೀರಿನ ಭಯವಿಲ್ಲ. ಆದರೆ ಉಜ್ಜುವ ಕೆಲಸವನ್ನೂ ರಾಸಾಯನಿಕವೇ ಮಾಡಬೇಕಾದ್ದರಿಂದ ಅದು ಖಾರವಾಗಿರುತ್ತದೆ. ತೀವ್ರ ಕ್ಷಾರದ ದ್ರಾವಣ ಬಣ್ಣದ ಮೇಲಿನ ವ್ಯಾಕ್ಸನ್ನು ತೊಳೆದುಹಾಕುತ್ತದೆ, ಬರಿ ಅಲ್ಯೂಮಿನಿಯಂ ಭಾಗಗಳನ್ನು ಮಂಕಾಗಿಸುತ್ತದೆ. ಅಷ್ಟು ಮಾಡಿಯೂ ರಸ್ತೆಯ ಜಿಡ್ಡಿನ ಒಂದು ತೆಳುಪೊರೆ ಉಳಿಯುತ್ತದೆ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಮುಟ್ಟಿ ನೋಡಿದರೆ ಬೂದುಬಣ್ಣ ಹತ್ತುತ್ತದೆ. ಆಮೇಲೆ ಮನೆಯವರು ಆ ಪೊರೆಯನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಮುಟ್ಟದೇ ತೊಳೆದ ಪುಣ್ಯವೆಲ್ಲ ಅಲ್ಲಿಗೇ ಮುಗಿಯಿತು.

ಕಾರು ಕಂಪನಿಗಳೂ ಸುಮ್ಮನೆ ಕೂತಿಲ್ಲ. 2003ರ ಕೊನೆಯಲ್ಲಿ ಮರ್ಸಿಡಿಸ್ ಬೆಂಜ್ ಅತಿಸೂಕ್ಷ್ಮ ಸಿರಾಮಿಕ್ ಕಣಗಳಿರುವ ಕ್ಲಿಯರ್ ಕೋಟ್ ತಂದಿತು. 2005ರಲ್ಲಿ ನಿಸಾನ್ ಸಣ್ಣ ಗೀರು ತಾನಾಗಿ ಕೂಡಿಕೊಳ್ಳುವ ಪದರವನ್ನು ಪ್ರಕಟಿಸಿತು. ನಮ್ಮ ಬಹುಪಾಲು ಗಾಡಿಗಳಿಗೆ ಇಂಥ ಕವಚ ಇಲ್ಲ.

ಯಂತ್ರವನ್ನು ದೂರುವವರು ಅದಕ್ಕೆ ಬದಲಾಗಿ ಏನು ಮಾಡುತ್ತಾರೆ ಎಂಬುದನ್ನೂ ನೋಡಬೇಕಲ್ಲ. ಮನೆ ಮುಂದೆ ಒಂದೇ ಬಕೆಟ್ಟು, ಒಂದು ಹಳೇ ಬಟ್ಟೆ. ಮೊದಲು ಟಾಪ್, ಆಮೇಲೆ ಬಾನೆಟ್, ಬಾಗಿಲು, ಕೊನೆಗೆ ಚಕ್ರ. ಪ್ರತಿ ಸಲ ಬಟ್ಟೆ ಅದ್ದಿದಾಗಲೂ ಒಂದಿಷ್ಟು ಕೆಂಪು ಕೆಳಗಿಳಿಯುತ್ತದೆ. ಬಾಗಿಲಿಗೆ ಬರುವಷ್ಟರಲ್ಲಿ ನೀರು ಕದಡಿದ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಮುಗಿದ ಮೇಲೆ ನೀರು ಚೆಲ್ಲಿ ಬಕೆಟ್ಟಿನ ತಳಕ್ಕೆ ಕೈ ಹಾಕಿದರೆ ಬೆರಳಿಗೆ ಕರಕರ ಎನ್ನುವ ಮಡ್ಡಿ ಸಿಗುತ್ತದೆ. ಅದೇ ಮಡ್ಡಿಯನ್ನು ಮತ್ತೆ ಮತ್ತೆ ಬಟ್ಟೆಗೆ ಎತ್ತಿಕೊಂಡು ಬಾಗಿಲಿಗೆ ಉಜ್ಜಿದ್ದಾಯಿತು. ಎಷ್ಟು ಪ್ರೀತಿಯಿಂದ ಉಜ್ಜಿದರೂ ಗೀರು ಗೀರೇ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ತುಂಡು ಬಟ್ಟೆಗೆ ಬರವಿಲ್ಲ. ಆದರೆ ಜೀನ್ಸಿನ ಒರಟು ನೇಯ್ಗೆ, ದಪ್ಪ ಹೊಲಿಗೆ ಕಾರಿನ ಹತ್ತಿರವೂ ಸುಳಿಯಬಾರದು. ಒಳ್ಳೆಯ ಫೋಮ್ ಯಂತ್ರ ಈ ಒಂದು ಬಕೆಟ್ಟಿನ ತೊಳೆತಕ್ಕಿಂತ ಎಷ್ಟೋ ವಾಸಿ ಎಂದು ಖಚಿತವಾಗಿ ಹೇಳಬಹುದು.

ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಗನ್ ನಿಜಕ್ಕೂ ಈ ಸೀಮೆಗೆ ಹೇಳಿ ಮಾಡಿಸಿದ ಸಾಧನ. ಮುಟ್ಟುವ ಮೊದಲೇ ಅದು ಮುಕ್ಕಾಲು ಪಾಲು ಧೂಳನ್ನು ಇಳಿಸಿಬಿಡುತ್ತದೆ. ಮೂತಿಯನ್ನು ಬಣ್ಣದಿಂದ ಒಂದಡಿಯಾದರೂ ದೂರ ಹಿಡಿಯಬೇಕು. ಕಲ್ಲು ಸಿಡಿದು ಬಣ್ಣ ಎದ್ದ ಜಾಗವಿದ್ದರೆ ಇನ್ನೂ ದೂರ, ಇಲ್ಲದಿದ್ದರೆ ನೀರು ಅಂಚಿನಡಿ ಹೊಕ್ಕು ಬಣ್ಣದ ಚಕ್ಕೆಯನ್ನೇ ಎಬ್ಬಿಸುತ್ತದೆ. ಇತ್ತೀಚೆಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ ಗಾಡಿಯಾದರೆ ಎಚ್ಚರ ಇನ್ನೂ ಹೆಚ್ಚಬೇಕು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಗ್ಯಾರೇಜಿನ ಬೂತಿನಲ್ಲಿ 60ರಿಂದ 80 ಡಿಗ್ರಿ ಅಷ್ಟೆ. ಅದು ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಬ್ರಷ್ಷಿನ ಯಂತ್ರಕ್ಕೆ ಬಿಡಲೇಬಾರದು.

ಹಲಕುಂದಿಯಲ್ಲಿ ಇನ್ನೊಂದು ತೊಂದರೆಯಿದೆ, ಅದನ್ನು ಯಾವ ಬ್ರಷ್ಷೂ ಬಿಡಿಸಲಾರದು. ಸ್ಪಾಂಜ್ ಐರನ್ ಎಂದರೆ ಅದಿರನ್ನು ಕಲ್ಲಿದ್ದಲಿನ ಜೊತೆ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ, ಕರಗಿಸದೆಯೇ, ಆಮ್ಲಜನಕ ಕಳೆದು ತೆಗೆದ ಕಬ್ಬಿಣ. ಮೈತುಂಬ ರಂಧ್ರವಿರುವ ಈ ಕಬ್ಬಿಣದ ಕಣ ಕ್ಲಿಯರ್ ಕೋಟಿನ ಮೇಲೆ ಕೂತು, ರಾತ್ರಿಯ ಇಬ್ಬನಿಯಲ್ಲಿ ನೆಂದರೆ ಬೇಗನೆ ತುಕ್ಕು ಹಿಡಿದು ಊದಿಕೊಂಡು ಪದರಕ್ಕೆ ಕಚ್ಚಿಕೊಳ್ಳುತ್ತದೆ. ಬಿಳಿ ಗಾಡಿಯ ಬಾಗಿಲಲ್ಲಿ ಕಾಣುವ ಕಿತ್ತಳೆ ಚುಕ್ಕಿಗಳು ಇವೇ. ತಗಡೇ ತುಕ್ಕು ಹಿಡಿಯಿತೆಂದು ಹೆದರಿ ಮರಳು ಕಾಗದ ಹಿಡಿಯುವವರಿದ್ದಾರೆ, ಅದು ಬೇಡ. ಐರನ್ ರಿಮೂವರ್ ಎಂಬ ದ್ರಾವಣ ಸಿಂಪಡಿಸಿದರೆ ಪ್ರತಿ ಚುಕ್ಕಿಯಿಂದಲೂ ನೇರಳೆ ಬಣ್ಣದ ಗೆರೆ ಕೆಳಗಿಳಿಯುತ್ತದೆ. ವಾಸನೆ ಕೆಟ್ಟದ್ದು. ಕಬ್ಬಿಣ ಕರಗಿ ಬಂತೆಂಬುದಕ್ಕೆ ಆ ನೇರಳೆಯೇ ಗುರುತು. ನೆರಳಿನಲ್ಲಿ, ತಗಡು ತಣ್ಣಗಿದ್ದಾಗ ಮಾಡಿ, ಒಣಗುವ ಮೊದಲೇ ತೊಳೆದರೆ ಸಾಕು.

ನೀರಿನ ಮಾತು ಬರದೆ ಇರದು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಬಳ್ಳಾರಿಯ ಬಿಸಿಲಿನಲ್ಲಿ ಅಂಥ ಆದೇಶಕ್ಕೆ ಕಾಯಬೇಕಾಗಿಲ್ಲ. ಒಳ್ಳೆಯ ಯಂತ್ರದ ದೊಡ್ಡ ಗುಣವೆಂದರೆ ಬಳಸಿದ ನೀರನ್ನು ತೊಟ್ಟಿಯಲ್ಲಿ ತಿಳಿಗೊಳಿಸಿ, ಸೋಸಿ ಮತ್ತೆ ಬಳಸುವುದು. ಈ ಸೀಮೆಗೆ ಅದು ಒಗ್ಗುತ್ತದೆ ಕೂಡ. ಹೆಮಟೈಟ್ ನೀರಿಗಿಂತ ಐದು ಪಟ್ಟು ಭಾರ, ಬೇಗ ತಳ ಸೇರುತ್ತದೆ. ಎರೆಮಣ್ಣಿನ ಜೇಡಿ ಬಹಳ ಹೊತ್ತು ತೇಲುತ್ತದೆ, ಆದರೆ ಗೀರುವುದು ಅದಲ್ಲ. ಕೊನೆಯ ತೊಳೆತಕ್ಕೆ ಮಾತ್ರ ಬೋರ್‌ವೆಲ್ಲಿನ ಗಡಸು ನೀರು ಬೇಡ. ಕಾದ ತಗಡಿನ ಮೇಲೆ ಅದು ಆರಿದರೆ ಸುಣ್ಣದ ಬಿಳಿ ಚುಕ್ಕಿ ಕೂರುತ್ತದೆ, ತಡಮಾಡಿದರೆ ಕ್ಲಿಯರ್ ಕೋಟಿನಲ್ಲೇ ಗುರುತು ಉಳಿಯುತ್ತದೆ.

ಆದ್ದರಿಂದ ತೀರ್ಪು ಇದು. ಮೊದಲು ರಭಸದ ನೀರಿನಿಂದ ಧೂಳಿಳಿಸಿ, ಆಮೇಲೆ ಫೋಮ್ ಪಟ್ಟಿ ಮುಟ್ಟಿಸುವ ಯಂತ್ರಕ್ಕೆ ಹಲಕುಂದಿಯ ಗಾಡಿಯನ್ನೂ ನಂಬಿ ಬಿಡಬಹುದು. ಒಣಧೂಳಿನ ಮೇಲೆ ನೇರವಾಗಿ ಬ್ರಷ್ಷು ತಿರುಗಿಸುವ ಯಂತ್ರ ಎಷ್ಟೇ ದುಬಾರಿಯಾಗಿರಲಿ, ಈ ಸೀಮೆಗೆ ಬೇಡ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ರಸ್ತೆಗಳಲ್ಲಿ ಇಂಥ ಯಂತ್ರ ಕೂರಿಸುವ ಯೋಚನೆಯಲ್ಲಿರುವ ಬಂಕ್ ಮಾಲೀಕರಲ್ಲಿ ಒಂದು ವಿನಂತಿ: ಯಂತ್ರದ ಮುಂದೆ ಪ್ರೆಷರ್ ಗನ್ನಿನ ಒಂದು ಕಟ್ಟೆ, ಅಲ್ಲಿ ನಿಂತು ನಾಲ್ಕು ನಿಮಿಷ ಧೂಳಿಳಿಸುವ ಒಬ್ಬ ಆಳು, ಕೊನೆಯ ತೊಳೆತಕ್ಕೆ ಆರ್‌ಒ ನೀರು, ಇಷ್ಟನ್ನು ಮೊದಲ ದಿನವೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.