ಏಳದ ಅಪಾಚೆ: ಒಂದು ಲಾಗಿನ ವ್ಯಾಖ್ಯಾನ

ಉಬುಂಟು ಸರ್ವರ್‌ನಲ್ಲಿ ಅಪಾಚೆ ಏಳದೆ ಹೋದಾಗ ತೆರೆಯ ಮೇಲೆ ಹತ್ತು ಹನ್ನೆರಡು ಸಾಲು ಒಟ್ಟಿಗೆ ಬಂದು ಬೀಳುತ್ತವೆ. ಬಹಳ ಮಂದಿ ಓದುವುದು ಕೊನೆಯ ಸಾಲನ್ನು, ಅದರಲ್ಲಿ ಹುರುಳಿಲ್ಲ. ಇನ್ನು ಕೆಲವರು ಮೊದಲು ಕಣ್ಣಿಗೆ ಬಿದ್ದದ್ದನ್ನೇ ಕಾರಣವೆಂದು ಹಿಡಿದು ಅರ್ಧ ದಿನ ಅದರ ಬೆನ್ನು ಹತ್ತುತ್ತಾರೆ. ನಿಜವಾದ ಕಾರಣ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಕೂತಿರುತ್ತದೆ. ತೀರಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಅಂಥದೊಂದು ಲಾಗನ್ನು ಇಲ್ಲಿ ಸಾಲುಸಾಲಾಗಿ ಬಿಡಿಸಿದ್ದೇನೆ. ತೆರೆಯ ಮೇಲಿನ ಇಂಗ್ಲಿಷನ್ನು ಓದುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ.

"ಜಾಬ್ ಫಾರ್ ಅಪಾಚೆ2.ಸರ್ವಿಸ್ ಫೇಲ್ಡ್ ಬಿಕಾಸ್ ದ ಕಂಟ್ರೋಲ್ ಪ್ರಾಸೆಸ್ ಎಕ್ಸಿಟೆಡ್ ವಿತ್ ಎರರ್ ಕೋಡ್."

'ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಅಪಾಚೆ2' ಎಂದು ಕೊಟ್ಟ ಕೂಡಲೇ ಬರುವ ಉತ್ತರ ಇದು. ಇದು ಅಪಾಚೆ ಆಡಿದ ಮಾತಲ್ಲ, ಸಿಸ್ಟಮ್‌ಡಿ ಆಡಿದ್ದು. ಲಿನಕ್ಸ್ ಏಳುವಾಗ ಉಳಿದೆಲ್ಲ ಸೇವೆಗಳನ್ನು ಎಬ್ಬಿಸುವ ಜವಾಬ್ದಾರಿ ಸಿಸ್ಟಮ್‌ಡಿಯದು. 2010ರಲ್ಲಿ ಹುಟ್ಟಿ, 2015ರ ಹೊತ್ತಿಗೆ ಡೆಬಿಯನ್, ಉಬುಂಟು ಎರಡರಲ್ಲೂ ತಳವೂರಿತು. ಅದಕ್ಕೆ ಅಪಾಚೆಯ ಒಳಗುಟ್ಟು ಗೊತ್ತಿಲ್ಲ. 'ಎಬ್ಬಿಸಿದೆ, ಸೋತೆನೆಂದು ಹೇಳಿ ಮಲಗಿತು' ಎಂಬಷ್ಟೇ ಇದರ ತಾತ್ಪರ್ಯ. ಇದರ ಬೆನ್ನಿಗೇ ಎರಡು ಆಜ್ಞೆಗಳನ್ನು ಅದೇ ಸೂಚಿಸುತ್ತದೆ: 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್', 'ಜರ್ನಲ್‌ಸಿಟಿಎಲ್'. ಮೊದಲನೆಯದು ಲಾಗಿನ ಕೊನೆಯ ಕೆಲವು ಸಾಲುಗಳನ್ನಷ್ಟೇ ತೋರಿಸುತ್ತದೆ. ಎಷ್ಟೋ ಸಲ ಬೇಕಾದ ಸಾಲೇ ಅದರಲ್ಲಿ ತಪ್ಪಿಹೋಗಿರುತ್ತದೆ. ನೇರವಾಗಿ 'ಸುಡೊ ಜರ್ನಲ್‌ಸಿಟಿಎಲ್ -ಯು ಅಪಾಚೆ2 -ಬಿ' ಎಂದು ಕೊಡುವುದೇ ಮೇಲು. 'ಬಿ' ಎಂದರೆ ಈ ಸಲದ ಬೂಟ್‌ನಿಂದೀಚೆಗೆ ನಡೆದದ್ದು ಮಾತ್ರ. ಮುಂದಿನ ಸಾಲುಗಳೆಲ್ಲ ಅಲ್ಲಿಂದಲೇ ಬಂದವು.

ಓದುವ ಮುಂಚೆ ಒಂದು ಮಾತು. ಜರ್ನಲ್‌ನ ಪ್ರತಿ ಸಾಲಿನಲ್ಲಿ ಸಂದೇಶಕ್ಕೆ ಮೊದಲು ಮಾತನಾಡುತ್ತಿರುವವರ ಹೆಸರಿರುತ್ತದೆ: 'ಸಿಸ್ಟಮ್‌ಡಿ[1]' ಅಥವಾ 'ಅಪಾಚೆಸಿಟಿಎಲ್[4121]' ಎಂಬ ಹಾಗೆ. ಸಿಸ್ಟಮ್‌ಡಿ ಹೇಳುವುದು ಕಂಡದ್ದನ್ನು. ಅಪಾಚೆಸಿಟಿಎಲ್ ಹೆಸರಿನಲ್ಲಿ ಬರುವುದು ಅಪಾಚೆಯದೇ ಮಾತು. ಕಾರಣ ಹುಡುಕಬೇಕಾದದ್ದು ಈ ಎರಡನೆಯವರ ಮಾತಿನಲ್ಲಿ.

"ಸ್ಟಾರ್ಟಿಂಗ್ ದಿ ಅಪಾಚೆ ಎಚ್‌ಟಿಟಿಪಿ ಸರ್ವರ್..."

ಪೀಠಿಕೆ. ಇದರ ಹೊತ್ತನ್ನು ನೋಡಿಕೊಂಡು ಮುಂದೆ ಹೋಗಿ.

"ಎಎಚ್00558: ಅಪಾಚೆ2: ಕುಡ್ ನಾಟ್ ರಿಲಯಬ್ಲಿ ಡಿಟರ್ಮಿನ್ ದ ಸರ್ವರ್ಸ್ ಫುಲ್ಲಿ ಕ್ವಾಲಿಫೈಡ್ ಡೊಮೇನ್ ನೇಮ್, ಯೂಸಿಂಗ್ 127.0.1.1..."

ಅರ್ಧ ದಿನ ತಿನ್ನುವ ಸಾಲು ಇದೇ. 'ಈ ಸರ್ವರ್‌ನ ಪೂರ್ತಿ ಹೆಸರು ಏನೆಂದು ನನಗೆ ಖಚಿತವಿಲ್ಲ, ಸದ್ಯಕ್ಕೆ 127.0.1.1 ಎಂದು ಇಟ್ಟುಕೊಳ್ಳುತ್ತೇನೆ' ಎನ್ನುತ್ತಿದೆ ಅಪಾಚೆ. ಇಟ್ಟುಕೊಂಡು ಮುಂದಕ್ಕೂ ಹೋಗುತ್ತದೆ. ಇದು ಎಚ್ಚರಿಕೆ, ದೋಷವಲ್ಲ. 127.0.1.1 ಎಂಬ ವಿಳಾಸ ನೋಡಿ ಹೆದರಬೇಕಿಲ್ಲ. ಡೆಬಿಯನ್ ವಂಶದ ವ್ಯವಸ್ಥೆಗಳು '/ಇಟಿಸಿ/ಹೋಸ್ಟ್ಸ್' ಕಡತದಲ್ಲಿ ಯಂತ್ರದ ಸ್ವಂತ ಹೆಸರಿಗೆ ಕೊಡುವ ವಿಳಾಸವದು.

ಇದು ಕಾರಣವಲ್ಲ ಎನ್ನುವುದಕ್ಕೆ ಪುರಾವೆ ಬೇಕಿದ್ದರೆ ಅದೇ ಜರ್ನಲ್‌ನಲ್ಲಿ '-ಬಿ' ಬಿಟ್ಟು ಹಿಂದಕ್ಕೆ ಹೋಗಿ, ಸರ್ವರ್ ಚೆನ್ನಾಗಿ ಓಡುತ್ತಿದ್ದ ದಿನದ ದಾಖಲೆ ತೆಗೆಯಿರಿ. ಅಲ್ಲಿಯೂ ಇದೇ ಸಾಲು ಕೂತಿರುತ್ತದೆ. ಆರೋಗ್ಯದ ದಿನವೂ ಇದ್ದ ಲಕ್ಷಣವನ್ನು ಇವತ್ತಿನ ಕಾಯಿಲೆಗೆ ಕಾರಣ ಮಾಡಲಾಗದು. ಈ ಹೋಲಿಕೆಯ ಅಭ್ಯಾಸವೊಂದಿದ್ದರೆ ಲಿನಕ್ಸ್‌ನ ಅರ್ಧದಷ್ಟು ಸುಳ್ಳು ಜಾಡುಗಳು ತಾವಾಗಿಯೇ ಅಳಿಸಿಹೋಗುತ್ತವೆ. ಸಾಲು ಕಣ್ಣಿಗೆ ಚುಚ್ಚುತ್ತದೆ ಎನ್ನುವವರು 'ಅಪಾಚೆ2.ಕಾನ್ಫ್'ನಲ್ಲಿ 'ಸರ್ವರ್‌ನೇಮ್ ಲೋಕಲ್‌ಹೋಸ್ಟ್' ಎಂದು ಒಂದು ಸಾಲು ಸೇರಿಸಲಿ, ಎಚ್ಚರಿಕೆ ನಿಲ್ಲುತ್ತದೆ. ಸರ್ವರ್ ಮಾತ್ರ ಆಗಲೂ ಏಳುವುದಿಲ್ಲ.

"(98)ಅಡ್ರೆಸ್ ಆಲ್ರೆಡಿ ಇನ್ ಯೂಸ್: ಎಎಚ್00072: ಮೇಕ್_ಸಾಕ್: ಕುಡ್ ನಾಟ್ ಬೈಂಡ್ ಟು ಅಡ್ರೆಸ್ [::]:80"

ಕಾರಣ ಸಿಕ್ಕಿತು. ಈ ಸಾಲನ್ನು ಬಿಡಿಸಿ ನೋಡಬೇಕು.

ಆವರಣದೊಳಗಿನ 98 ಅಪಾಚೆಯದಲ್ಲ, ಲಿನಕ್ಸ್ ಕರ್ನೆಲ್ ಕೊಟ್ಟ ದೋಷಸಂಖ್ಯೆ. 'ಆ ವಿಳಾಸ ಆಗಲೇ ಬಳಕೆಯಲ್ಲಿದೆ' ಎಂಬುದು ಅದರ ಅರ್ಥ. ಇದೇ ದೋಷಕ್ಕೆ ಮ್ಯಾಕ್‌ನಲ್ಲಿಯೂ ಬಿಎಸ್‌ಡಿಗಳಲ್ಲಿಯೂ ಸಂಖ್ಯೆ 48, ವಿಂಡೋಸ್‌ನಲ್ಲಿ 10048. ಅಂತರ್ಜಾಲದಲ್ಲಿ ಉತ್ತರ ಹುಡುಕುವವರು ಬರೀ ಸಂಖ್ಯೆ ಹಾಕಿ ಹುಡುಕಿದರೆ ದಾರಿ ತಪ್ಪುವುದು ಇದರಿಂದಲೇ. ಎಎಚ್ ಎಂದು ಶುರುವಾಗುವ ಸಂಖ್ಯೆ ಅಪಾಚೆಯದು; 2012ರಲ್ಲಿ ಬಂದ 2.4 ಆವೃತ್ತಿಯಿಂದೀಚೆಗೆ ಬಹುತೇಕ ಸಂದೇಶಗಳಿಗೆ ಹೀಗೊಂದು ಗುರುತು ಕೊಟ್ಟಿದ್ದಾರೆ. ಹುಡುಕುವುದಿದ್ದರೆ ಇದನ್ನು ಹಾಕಿ ಹುಡುಕಬೇಕು.

'ಮೇಕ್_ಸಾಕ್' ಎಂದರೆ ಸಾಕೆಟ್ ತಯಾರಿಸುವ ಹಂತ. 'ಬೈಂಡ್' ಎಂದರೆ ಆ ಸಾಕೆಟ್ಟನ್ನು ಒಂದು ವಿಳಾಸಕ್ಕೂ ಪೋರ್ಟಿಗೂ ಗಂಟು ಹಾಕುವುದು. ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಇದು: ಯಾರು ಮೊದಲು ಹಾಕಿದರೋ ಸೀಟು ಅವರದು, ಆಮೇಲೆ ಬಂದವರು ಎಷ್ಟೇ ದೊಡ್ಡವರಾದರೂ ನಿಲ್ಲಬೇಕು. 80 ಎಂಬುದು ಎಚ್‌ಟಿಟಿಪಿಗೆ ಮೀಸಲಾದ ಪೋರ್ಟ್. [::] ಎನ್ನುವುದು ಐಪಿವಿ6 ಭಾಷೆಯಲ್ಲಿ 'ಈ ಯಂತ್ರದ ಎಲ್ಲ ವಿಳಾಸಗಳೂ' ಎಂಬುದರ ಬರಹ. ಎಲ್ಲ ಸೇರಿಸಿದರೆ: 'ನಾನು 80ನೇ ಪೋರ್ಟ್ ಹಿಡಿಯಲು ಹೋದೆ, ಕರ್ನೆಲ್ ಅದು ಬೇರೆಯವರ ಕೈಯಲ್ಲಿದೆ ಎಂದು ಕಳಿಸಿಬಿಟ್ಟಿತು.'

ಆ ಬೇರೆಯವರು ಯಾರೆಂಬುದನ್ನು ಅಪಾಚೆ ಹೇಳುವುದಿಲ್ಲ. ಅದಕ್ಕೆ 'ಸುಡೊ ಎಸ್‌ಎಸ್ -ಎಲ್‌ಟಿಎನ್‌ಪಿ' ಎಂಬ ಆಜ್ಞೆ. ಸುಡೊ ಬಿಟ್ಟರೆ ಪೋರ್ಟ್ ಕಾಣುತ್ತದೆ, ಹಿಡಿದವರ ಹೆಸರು ಕಾಣುವುದಿಲ್ಲ. ಅದರಿಂದ ಬರುವ ಸಾಲಿಗೂ ಇಲ್ಲಿಯೇ ಅರ್ಥ ಹೇಳಿಬಿಡುವುದು ಒಳ್ಳೆಯದು:

"ಲಿಸನ್ 0 511 0.0.0.0:80 0.0.0.0:* ಯೂಸರ್ಸ್:((ಎಂಜಿನ್-ಎಕ್ಸ್, ಪಿಐಡಿ=812, ಎಫ್‌ಡಿ=6))"

ಸದ್ಯಕ್ಕೆ ಸಾಲಿನಲ್ಲಿ ಕಾಯುತ್ತಿರುವ ಸಂಪರ್ಕಗಳು 0. ಹೆಚ್ಚೆಂದರೆ ಕಾಯಬಹುದಾದವು 511. ತಮಾಷೆಯೆಂದರೆ ಅಪಾಚೆಯ ರೂಢಿಯ ಮಿತಿಯೂ 511, ಲಿನಕ್ಸ್ ಮೇಲೆ ಎಂಜಿನ್-ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್‌ನದೂ 511. ಆದ್ದರಿಂದ ಅಂಕಿ ನೋಡಿ ಆಸಾಮಿಯನ್ನು ಹಿಡಿಯಲಾಗದು, ಕೊನೆಯ ಹೆಸರನ್ನೇ ನೋಡಬೇಕು. ಇಲ್ಲಿ ಎಂಜಿನ್-ಎಕ್ಸ್ ಸಿಕ್ಕಿಬಿದ್ದಿದೆ. ಯಾರೋ ಏನನ್ನೋ ಪರೀಕ್ಷಿಸಲು ಹಿಂದೊಮ್ಮೆ ಹಾಕಿ ಮರೆತದ್ದು. ಡೆಬಿಯನ್, ಉಬುಂಟುಗಳಲ್ಲಿ ಇಂಥ ಸರ್ವರ್‌ಗಳನ್ನು ಇನ್‌ಸ್ಟಾಲ್ ಮಾಡಿದರೆ ಸಾಕು, ಬೂಟ್ ಆದಾಗಲೆಲ್ಲ ಏಳುವ ಪಟ್ಟಿಗೂ ಸೇರಿಕೊಳ್ಳುತ್ತವೆ. ಇಷ್ಟು ದಿನ ಅಪಾಚೆ ಮೊದಲೇ ಕೂತಿತ್ತು, ಎಂಜಿನ್-ಎಕ್ಸ್ ಸದ್ದಿಲ್ಲದೆ ಸೋಲುತ್ತಿತ್ತು. ರೀಬೂಟ್ ಆದಾಗ ಓಟದಲ್ಲಿ ಎಂಜಿನ್-ಎಕ್ಸ್ ಗೆದ್ದಿತು. 'ನಿನ್ನೆವರೆಗೂ ಸರಿಯಿತ್ತು, ನಾನು ಏನನ್ನೂ ಮುಟ್ಟಿಲ್ಲ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಇಲ್ಲಿ 'ಕಿಲ್ -9' ಹೊಡೆಯುವ ಚಾಳಿ ಬಹಳ. ಪಿಐಡಿ 812 ಎಂಜಿನ್-ಎಕ್ಸ್‌ನ ವರ್ಕರ್ ಆಗಿದ್ದರೆ ಅದು ಸತ್ತ ಕ್ಷಣವೇ ಮಾಸ್ಟರ್ ಇನ್ನೊಂದನ್ನು ಹುಟ್ಟಿಸುತ್ತದೆ. ಮಾಸ್ಟರನ್ನೇ ಕೊಂದರೂ ಮುಂದಿನ ಬೂಟ್‌ಗೆ ಮತ್ತೆ ಹಾಜರ್. 'ಸಿಸ್ಟಮ್‌ಸಿಟಿಎಲ್ ಸ್ಟಾಪ್' ಕೂಡ ಇವತ್ತಿನ ಮಟ್ಟಿಗಷ್ಟೇ. ಬೇಡವೆಂದು ತೀರ್ಮಾನಿಸಿದ್ದರೆ 'ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ' ಎಂದು ಕೊಡಬೇಕು. ಈಗಲೂ ನಿಲ್ಲುತ್ತದೆ, ಮುಂದೆಯೂ ಏಳುವುದಿಲ್ಲ. ಎರಡೂ ಬೇಕು ಎನ್ನುವವರು ಎಂಜಿನ್-ಎಕ್ಸನ್ನು 80ರಲ್ಲಿ ಮುಂದೆ ಬಿಟ್ಟು ಅಪಾಚೆಯನ್ನು 8080ಕ್ಕೆ ಸರಿಸುತ್ತಾರೆ. ಆಗ 'ಪೋರ್ಟ್ಸ್.ಕಾನ್ಫ್' ಕಡತದ 'ಲಿಸನ್ 80' ಬದಲಾದರೆ ಸಾಲದು, ಸೈಟಿನ ಕಡತದ 'ವರ್ಚುಯಲ್‌ಹೋಸ್ಟ್ *:80' ಕೂಡ ಬದಲಾಗಬೇಕು. ಎರಡನೆಯದನ್ನು ಮರೆತರೆ ಅಪಾಚೆ ಏಳುತ್ತದೆ, ಆದರೆ ನಿಮ್ಮ ಸೈಟಿನ ಬದಲು ಇನ್ನಾವುದೋ ಪುಟವನ್ನು ಬಡಿಸುತ್ತದೆ.

ಹೆಸರಿನ ಜಾಗದಲ್ಲಿ 'ಡಾಕರ್-ಪ್ರಾಕ್ಸಿ' ಎಂದು ಬಂದರೆ ಯಾವುದೋ ಕಂಟೇನರ್ 80ನ್ನು ಹೊರಗೆ ತೆರೆದಿಟ್ಟಿದೆ ಎಂದರ್ಥ. 'ಡಾಕರ್ ಪಿಎಸ್' ನೋಡಿ. 'ಅಪಾಚೆ2' ಎಂದೇ ಬಂದರೆ? ಯಾರೋ ಸಿಸ್ಟಮ್‌ಡಿಗೆ ಹೇಳದೆ ನೇರವಾಗಿ ಅಪಾಚೆಯನ್ನು ಓಡಿಸಿದ್ದಾರೆ. ಸಿಸ್ಟಮ್‌ಡಿ ತನ್ನ ಲೆಕ್ಕದಲ್ಲಿಲ್ಲದ ಅದನ್ನು ಬಿಟ್ಟು ಇನ್ನೊಂದನ್ನು ಎಬ್ಬಿಸಲು ಹೊರಟಿದೆ.

ಇನ್ನೂ ಒಂದು ಸಾಧ್ಯತೆ ಇದೆ, ಅದೇ ಹೆಚ್ಚು ಕಾಡುವುದು. ಎಸ್‌ಎಸ್ ಪಟ್ಟಿಯಲ್ಲಿ 80ನ್ನು ಹಿಡಿದವರು ಯಾರೂ ಇಲ್ಲ, ಆದರೂ 98. ಆಗ ಅಪಾಚೆ ಜಗಳವಾಡುತ್ತಿರುವುದು ತನ್ನ ಜತೆಗೇ: ಸಂರಚನೆಯಲ್ಲಿ 'ಲಿಸನ್ 80' ಎರಡು ಕಡೆ ಇದೆ. ಒಂದು 'ಪೋರ್ಟ್ಸ್.ಕಾನ್ಫ್'ನಲ್ಲಿ, ಇನ್ನೊಂದು ಎಲ್ಲಿಂದಲೋ ನಕಲು ಮಾಡಿ ಸೈಟಿನ ಕಡತಕ್ಕೆ ಅಂಟಿಸಿದ್ದು. ಮೊದಲನೆಯ ಲಿಸನ್ ಪೋರ್ಟ್ ಹಿಡಿಯುತ್ತದೆ, ಎರಡನೆಯದು ಎಡವುತ್ತದೆ, ಎಲ್ಲವೂ ಬೀಳುತ್ತದೆ. 'ಗ್ರೆಪ್ -ಆರ್‌ಎನ್ ಲಿಸನ್ /ಇಟಿಸಿ/ಅಪಾಚೆ2' ಎಂದು ಹುಡುಕಿದರೆ ಎರಡೂ ಕಾಣುತ್ತವೆ. ಹುಡುಕಿದಾಗ 'ಪೋರ್ಟ್ಸ್.ಕಾನ್ಫ್'ನಲ್ಲೇ 'ಲಿಸನ್ 443' ಎರಡು ಸಲ ಕಂಡರೆ ಗಾಬರಿ ಬೇಡ. ಒಂದು ಎಸ್‌ಎಸ್‌ಎಲ್ ಮಾಡ್ಯೂಲ್ ಇದ್ದರೆ, ಇನ್ನೊಂದು ಗ್ನುಟಿಎಲ್‌ಎಸ್ ಮಾಡ್ಯೂಲ್ ಇದ್ದರೆ ಎಂಬ ಷರತ್ತಿನೊಳಗೆ ಇವೆ. ಎರಡೂ ಮಾಡ್ಯೂಲ್ ಒಟ್ಟಿಗೆ ಚಾಲೂ ಆಗಿದ್ದರೆ ಮಾತ್ರ ತಕರಾರು.

ಇಲ್ಲಿ 'ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್' ಓಡಿಸಿ 'ಸಿಂಟ್ಯಾಕ್ಸ್ ಓಕೆ' ಎಂಬ ಉತ್ತರ ಪಡೆದು ಇನ್ನಷ್ಟು ಗೊಂದಲಕ್ಕೆ ಬೀಳುವವರಿದ್ದಾರೆ. ಅದು ಕಡತಗಳ ವ್ಯಾಕರಣ ನೋಡುತ್ತದೆಯೇ ಹೊರತು ಪೋರ್ಟ್ ಹಿಡಿಯಲು ಹೋಗುವುದಿಲ್ಲ. 98ರ ವಿಷಯದಲ್ಲಿ ಅದರ ಸಾಕ್ಷ್ಯಕ್ಕೆ ಬೆಲೆಯಿಲ್ಲ.

"(98)ಅಡ್ರೆಸ್ ಆಲ್ರೆಡಿ ಇನ್ ಯೂಸ್: ಎಎಚ್00072: ಮೇಕ್_ಸಾಕ್: ಕುಡ್ ನಾಟ್ ಬೈಂಡ್ ಟು ಅಡ್ರೆಸ್ 0.0.0.0:80"

ಅದೇ ದೂರು, ಐಪಿವಿ4 ವಿಳಾಸಕ್ಕೆ. ಹೊಸದೇನಿಲ್ಲ.

"ನೋ ಲಿಸನಿಂಗ್ ಸಾಕೆಟ್ಸ್ ಅವೈಲಬಲ್, ಶಟಿಂಗ್ ಡೌನ್"

ಕೇಳಲು ಕಿವಿಯೇ ಇಲ್ಲದ ಮೇಲೆ ಇದ್ದು ಏನು ಮಾಡಲಿ ಎಂದು ಅಪಾಚೆ ಬಾಗಿಲು ಹಾಕಿಕೊಂಡಿದೆ. ಇದು ಪರಿಣಾಮ.

"ಎಎಚ್00015: ಅನೇಬಲ್ ಟು ಓಪನ್ ಲಾಗ್ಸ್"

'ಲಾಗ್ ಕಡತ ತೆರೆಯಲಾಗಲಿಲ್ಲ' ಎನ್ನುತ್ತದೆ. ಈ ಲಾಗಿನಲ್ಲಿ ಅದು ಸುಳ್ಳು. ಅಪಾಚೆಯ ಒಳರಚನೆಯಲ್ಲಿ ಲಾಗ್ ತೆರೆಯುವುದೂ ಪೋರ್ಟ್ ಹಿಡಿಯುವುದೂ ಒಂದೇ ಹಂತದಲ್ಲಿ ನಡೆಯುತ್ತವೆ, ಆ ಹಂತದ ಹೆಸರೇ 'ಓಪನ್ ಲಾಗ್ಸ್'. ಪೋರ್ಟ್ ಕೈತಪ್ಪಿದರೂ ಹಂತವೇ ಸೋತಿತೆಂದು ಅಪಾಚೆ ಇದೇ ಮಾತನ್ನು ಮುದ್ರಿಸುತ್ತದೆ. ಇದನ್ನು ನಂಬಿ '/ವಾರ್/ಲಾಗ್/ಅಪಾಚೆ2' ಫೋಲ್ಡರ್‌ಗೆ 777 ಅನುಮತಿ ಕೊಟ್ಟವರು ಪೋರ್ಟಿನ ತೊಂದರೆಯನ್ನು ಹಾಗೇ ಉಳಿಸಿಕೊಂಡು, ಭದ್ರತೆಗೊಂದು ಹೊಸ ತೂತನ್ನೂ ಕೊರೆದಿರುತ್ತಾರೆ. ಕೊಟ್ಟಿದ್ದರೆ ವಾಪಸು 750 ಮಾಡಿ.

ಇದೇ ಸಾಲು ನಿಜ ಹೇಳುವ ಸಂದರ್ಭವೂ ಇದೆ. ಆಗ ಇದಕ್ಕಿಂತ ಮೇಲಿನ ಸಾಲಿನಲ್ಲಿ 98ರ ಬದಲು '(2)ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂದೂ ಜತೆಗೆ ಎಎಚ್00091 ಎಂದೂ ಇರುತ್ತದೆ. ಜಾಗ ಮಾಡಲು ಹೋಗಿ ಲಾಗ್ ಫೋಲ್ಡರನ್ನೇ ಅಳಿಸಿದವರಿಗೆ ಸಿಗುವುದು ಇದು. ಅಂತೂ ಎಎಚ್00015 ಕಂಡಾಗ ಕಣ್ಣು ಮೇಲಿನ ಸಾಲುಗಳಿಗೆ ಹೋಗಬೇಕು.

"ಆ್ಯಕ್ಷನ್ 'ಸ್ಟಾರ್ಟ್' ಫೇಲ್ಡ್. ದಿ ಅಪಾಚೆ ಎರರ್ ಲಾಗ್ ಮೇ ಹ್ಯಾವ್ ಮೋರ್ ಇನ್ಫರ್ಮೇಶನ್."

ಇರಬಹುದು ಎಂದಿದೆ, ಇದೆ ಎಂದಿಲ್ಲ. ಪೋರ್ಟ್ ಸಿಗದ ಪ್ರಕರಣದಲ್ಲಿ 'ಎರರ್.ಲಾಗ್' ತೆರೆದರೆ ಸಾಮಾನ್ಯವಾಗಿ ಹಳೆಯ ಸುದ್ದಿಯೇ ಇರುತ್ತದೆ.

"ಅಪಾಚೆ2.ಸರ್ವಿಸ್: ಕಂಟ್ರೋಲ್ ಪ್ರಾಸೆಸ್ ಎಕ್ಸಿಟೆಡ್, ಕೋಡ್=ಎಕ್ಸಿಟೆಡ್, ಸ್ಟೇಟಸ್=1/ಫೇಲ್ಯೂರ್"

ಮಾತು ಮತ್ತೆ ಸಿಸ್ಟಮ್‌ಡಿಗೆ ಬಂತು. ಇಲ್ಲಿ ನೋಡಬೇಕಾದದ್ದು 1 ಒಂದೇ. ಪ್ರೋಗ್ರಾಂ ಓಡಿತು, ಓಡಿ ತಾನೇ ಸೋಲೊಪ್ಪಿಕೊಂಡಿತು ಎಂದರ್ಥ. ಹಾಗಾದರೆ ಅದರ ಬಾಯಿಂದ ಏನಾದರೂ ಮಾತು ಬಂದೇ ಇರುತ್ತದೆ, ಮೇಲೆ ಹುಡುಕಿ. 203/ಎಕ್ಸೆಕ್ ಎಂದಿದ್ದರೆ ಪ್ರೋಗ್ರಾಂ ಓಡಲೇ ಇಲ್ಲ, ಕಡತ ಕಾಣೆಯಾಗಿದೆ ಅಥವಾ ಓಡಿಸುವ ಅನುಮತಿಯಿಲ್ಲ. 226/ನೇಮ್‌ಸ್ಪೇಸ್ ಎಂದಿದ್ದರೆ ಸಿಸ್ಟಮ್‌ಡಿ ಕಟ್ಟಲು ಹೊರಟ ಪ್ರತ್ಯೇಕ ಕೋಣೆಯೇ ಕಟ್ಟಲಾಗಲಿಲ್ಲ. ಇವೆರಡರಲ್ಲಿ ಅಪಾಚೆಯ ಸಂರಚನೆಯನ್ನು ತಿದ್ದುತ್ತ ಕೂರುವುದು ವ್ಯರ್ಥ.

"ಫೇಲ್ಡ್ ಟು ಸ್ಟಾರ್ಟ್ ದಿ ಅಪಾಚೆ ಎಚ್‌ಟಿಟಿಪಿ ಸರ್ವರ್."

ಗೊತ್ತಿದ್ದದ್ದೇ.

98ರ ಜಾಗದಲ್ಲಿ ಬೇರೆ ಸಂಖ್ಯೆ ಬಂದರೆ ಉಳಿದ ಓದು ಹಾಗೇ ಉಳಿಯುತ್ತದೆ, ಮದ್ದು ಬದಲಾಗುತ್ತದೆ. 13 ಎಂದರೆ ಅನುಮತಿ ಇಲ್ಲ. ರೂಟ್ ಅಲ್ಲದವರು 1024ಕ್ಕಿಂತ ಕೆಳಗಿನ ಪೋರ್ಟ್ ಕೇಳಿದ್ದಾರೆ. ಅಥವಾ ರೆಡ್ ಹ್ಯಾಟ್ ವಂಶದ ಯಂತ್ರವಾದರೆ ಎಸ್‌ಇಲಿನಕ್ಸ್ ತಡೆದಿದೆ. ಆಗ ಎಸ್‌ಇಲಿನಕ್ಸನ್ನೇ ಆರಿಸಿಬಿಡುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಕೇಳಬೇಡಿ. 'ಸೆಮ್ಯಾನೇಜ್ ಪೋರ್ಟ್' ಆಜ್ಞೆಯಿಂದ ಆ ಒಂದು ಪೋರ್ಟನ್ನು ಎಚ್‌ಟಿಟಿಪಿ ಪಟ್ಟಿಗೆ ಸೇರಿಸಿದರೆ ಸಾಕು. ಸಂಖ್ಯೆಯೇ ಇಲ್ಲದೆ ಎಎಚ್00526 ಎಂದು ಬಂದರೆ ಅದು ಬರೆದವರ ತಪ್ಪು. ಯಾವ ಕಡತದ ಎಷ್ಟನೇ ಸಾಲು ಎಂಬುದನ್ನೂ ಅಪಾಚೆಯೇ ಹೇಳುತ್ತದೆ. ಅದರ ಕೆಳಗೆ 'ಇನ್‌ವ್ಯಾಲಿಡ್ ಕಮಾಂಡ್ ರೀರೈಟ್‌ಎಂಜಿನ್' ಎಂದಿದ್ದರೆ ಸಾಲಿನಲ್ಲಿ ತಪ್ಪಿಲ್ಲ, ಮಾಡ್ಯೂಲ್ ಚಾಲೂ ಆಗಿಲ್ಲ: 'ಎ2ಎನ್‌ಮಾಡ್ ರೀರೈಟ್'.

ಇಷ್ಟಾಗಿಯೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ, 'ಫೇಲ್ಡ್ ಟು ಸ್ಟಾರ್ಟ್' ಎಂಬ ಕೊನೆಯ ಸಾಲಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಡಿ. ಜರ್ನಲ್‌ನ 'ಸ್ಟಾರ್ಟಿಂಗ್' ಎಂಬ ಸಾಲಿನಿಂದ ಕೊನೆಯವರೆಗೆ ಅಷ್ಟನ್ನೂ ಅಕ್ಷರರೂಪದಲ್ಲಿ ಕಳಿಸಿ, ಜತೆಗೆ ಎಸ್‌ಎಸ್ ಕೊಟ್ಟ ಪಟ್ಟಿಯನ್ನೂ ಸೇರಿಸಿ.